ಹೆಸರು ಹೇಳದವಳು ಕಟ್ಟಿದ ಹೆಸರುಗಳು

ಹಿಂದಿನ ದಿನ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು, ನನ್ನ ಸಂಶಯವೂ ಸೇರಿ. ಆಣೆ ಹೋಗಿ ಬಂದ ಹೊಸ ಪೈಸೆ ಇನ್ನೂ ಕೈಗೆ ಒಗ್ಗದಿದ್ದ ಕಾಲ. ನಾನು ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಸಂಜೆ ಬಂದಾಗ ನನ್ನ ಹೆಂಡತಿ ಗೌರಿ, ಸೊರಬದಿಂದ ಬಂದಿದ್ದ ತನ್ನ ತಂಗಿ ಸುಶೀಲೆಯೊಡನೆ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ನನ್ನ ಚಪ್ಪಲಿಯ ಸದ್ದಿಗೆ ನಗು ನಿಂತಿತು. ಹೀಗೆ ನಿಲ್ಲುವ ನಗು ಚಪ್ಪಲಿ ಮೆಟ್ಟಿದವನ ಮೇಲಿನದೇ ಎಂದು ತಿಳಿಯಲು ವಿಚಾರಣೆ ಬೇಕಿಲ್ಲ. "ಏನದು?" ಎಂದೆ. "ಎಂತದೂ ಇಲ್ಲ ಭಾವ, ಅಕ್ಕ ಒಂದು ಹೆಸರು ಕಟ್ಟಿದ್ಲು, ಅಷ್ಟೆ," ಎಂದಳು ಸುಶೀಲೆ. ಯಾರಿಗೆಂದು ಹೇಳಲಿಲ್ಲ. ನಾಳೆ ಕೇಳಿದರಾಯಿತೆಂದು ಕೈಕಾಲು ತೊಳೆಯಲು ಹೋದೆ. ಬೆಳಗ್ಗೆ ಗೌರಿಗೆ ಜ್ವರ ಬಂತು. ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟಳು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮಾವನ ಹೆಸರನ್ನಂತೂ ಇಲ್ಲವೇ ಇಲ್ಲ. ನಮ್ಮಪ್ಪನ ಹೆಸರು ಹಾಲಪ್ಪ. ಆದ್ದರಿಂದ ನಮ್ಮ ಮನೆಯಲ್ಲಿ ಹಾಲು ಇರಲಿಲ್ಲ, 'ಬಿಳೇದು' ಇತ್ತು. ನಮ್ಮಮ್ಮ ಅಲ್ಲಿಗೇ ನಿಲ್ಲಿಸಿದ್ದಳು. ಗೌರಿ ನಿಲ್ಲಿಸಲಿಲ್ಲ. ಹಾಲುಬಾಯಿ ಎಂಬ ಸಿಹಿತಿಂಡಿ 'ಬಿಳಿಬಾಯಿ'ಯಾಯಿತು. ಹಾಲು ತರುವವಳು 'ಬಿಳಿಗಿತ್ತಿ'ಯಾದಳು, ಆ ಹೆಸರಿಗೆ ಓಗೊಡಲೂ ತೊಡಗಿದಳು. ಕಚೇರಿಯಿಂದ ನಾನು ಮನೆಗೆ ಹೊತ್ತು ತರುತ್ತಿದ್ದ ಮಾತೆಂದರೆ ಗೇಣಿದಾರ, ಹಕ್ಕುದಾರ, ತಕರಾರುದಾರ. ಗೌರಿ ಅವುಗಳ ಬಾಲವನ್ನು ಮಾತ್ರ ಕತ್ತರಿಸಿಕೊಂಡು ತನಗೆ ಬೇಕಾದ ತಲೆಗೆ ಅಂಟಿಸಿದಳು. ಪಕ್ಕದ ಮನೆಯ ಅಜ್ಜ ಗೊರಕೆದಾರರು. ಒದೆಯುವ ಎಮ್ಮೆ ಒದೆದಾರಳು. "ಹಂಗೆಲ್ಲ ಮಾತು ಕಟ್ಟಬಾರದು ಕಣೆ," ಎಂದರೆ, "ಯಾಕ್ರೀ? ನಿಮ್ಮ ಅಮಲ್ದಾರರ ಅಪ್ಪಣೆ ಆಗಬೇಕಾ?" ಎನ್ನುತ್ತಿದ್ದಳು. ಊರಿಗೆಲ್ಲ ಹೀಗೆ ಹೆಸರಿಟ್ಟವಳು ನನ್ನನ್ನೊಬ್ಬನನ್ನು ಬಿಟ್ಟಾಳೆಯೇ? ಎದುರಿಗೆ ಬರೀ 'ರೀ'. ಅದರ ಹಿಂದೆ ಏನೋ ಅಡಗಿದೆ ಎಂದು ಮದುವೆಯಾದಾಗಿನಿಂದಲೂ ನನಗೆ ಗುಮಾನಿ.

ಕರ್ಮವೆಲ್ಲ ಮುಗಿದ ಮೇಲೂ ಆ ಗುಮಾನಿ ಹೋಗಲಿಲ್ಲ. ದುಃಖದ ಜೊತೆಗೇ ಕೂತಿತ್ತು. ಕಡೆಗೆ ಒಂದು ಭಾನುವಾರ ಸೊರಬದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಒಪ್ಪುವ ಹೆಸರುಗಳನ್ನು ನಾನೇ ಕಟ್ಟಿಕೊಂಡೆ. ಸುಶೀಲೆ ಕಾಫಿ ತಂದಿಟ್ಟಳು. ಸಾಕ್ಷಿಯ ಮುಖ ನೋಡುವವನಂತೆ ಅವಳ ಮುಖವನ್ನೇ ನೋಡುತ್ತ, "ಕೊಡೆದಾರ?" ಎಂದೆ. ಬೇಸಿಗೆಯಲ್ಲೂ ಕೊಡೆ ಬಿಡದವನು ನಾನು. ಅವಳು ಕಣ್ಣು ಕಣ್ಣು ಬಿಟ್ಟಳು. "ನಶ್ಯದಾರ?"

"ಎಂತ ಭಾವ ಇದು? ಹುಷಾರಿದೀರಾ?"

"ಅವತ್ತು ನಿಮ್ಮಕ್ಕ ಕಟ್ಟಿದ ಹೆಸರು. ನನಗೇ ತಾನೆ ಅದು?"

ಸುಶೀಲೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸೆರಗನ್ನು ಕಣ್ಣಿಗೊತ್ತಿಕೊಂಡಳು. "ನಿಮಗೆ ಒಂದಾ ಎರಡಾ ಭಾವ! ನಾನು ಬಂದಾಗೆಲ್ಲ ಒಂದೊಂದು ಹೊಸದು. 'ಅವರ ಹೆಸರು ಹೇಳೋ ಹಂಗಿಲ್ಲ, ಅವರ ಮಾತು ಆಡದೆ ಇರಕ್ಕೂ ಆಗಲ್ಲ, ಏನ್ ಮಾಡ್ಲೇ' ಅಂತಿದ್ಲು ಅಕ್ಕ."

"ಅವತ್ತಿಂದು ಯಾವುದು?"

"ಮರ್ತೋಯ್ತು ಮಾರಾಯ್ರೆ. ಅತ್ತೂ ಅತ್ತೂ ಮರ್ತೇ ಹೋಯ್ತು." ಒಲೆಯ ಕಡೆ ತಿರುಗಿಕೊಂಡು ಹೇಳಿದಳು. ಆದ್ದರಿಂದ ನಾನು ಪೂರ್ತಿ ನಂಬಿಲ್ಲ. ಆದರೆ ಹೆಂಡತಿ ಗಂಡನ ಮಾತನ್ನೇ ಅಷ್ಟೊಂದು ಆಡುತ್ತಿದ್ದಳೆಂದು ಕೇಳಿ ಒಳಗೊಳಗೇ ಹಿಗ್ಗಿದ ಗುಮಾಸ್ತ ಇನ್ನೊಬ್ಬರನ್ನು ಎಷ್ಟೆಂದು ಪಾಟೀಸವಾಲು ಮಾಡಿಯಾನು? ಆರಿದ ಕಾಫಿ ಕುಡಿದು ಎದ್ದೆ.

ಸಂಜೆ ಮನೆ ಮುಟ್ಟಿದಾಗ ಅಮ್ಮ, "ರುದ್ರಪ್ಪ, ಬಂದ್ಯೇನೋ?" ಎಂದಳು. ಅಮ್ಮನಿಗೆ ನಾನು ರುದ್ರಪ್ಪ, ಕಚೇರಿಗೂ ರುದ್ರಪ್ಪ, ಪಕ್ಕದ ಮನೆಯ ಅಜ್ಜನಿಗೂ ರುದ್ರಪ್ಪ. ನನ್ನ ಹೆಸರು ಹೇಳದವರು ಈಗ ಯಾರೂ ಇಲ್ಲ.