ಕುಬಸದ ತಟ್ಟೆಯಲ್ಲಿ ಶುಗರ್ ಮೀಟರ್

ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸ್‌ನ ಕ್ಲಿನಿಕ್ಕೊಂದರಲ್ಲಿ ಬಸುರಿಯರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳುವುದು ನನ್ನ ಕೆಲಸ. ಎಲ್ಲರೂ ಚೆನ್ನಾಗಿ ತಲೆಯಾಡಿಸುತ್ತಾರೆ. ಮನೆಗೆ ಹೋದಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ.

೧. ತೆಳ್ಳಗಿದ್ದವಳ ಸಿಟ್ಟು

ಧಾರವಾಡ ಕಡೆಯ ಇಂಜಿನಿಯರ್ ಒಬ್ಬಳು ಬಂದಳು. ಆರು ತಿಂಗಳ ಬಸುರಿ, ಆದರೂ ಕಡ್ಡಿಯಂಥ ಮೈಕಟ್ಟು. ರಿಪೋರ್ಟಿನಲ್ಲಿ ಶುಗರ್ ಬಂದಿತ್ತು.

"ದಿನಾ ಮೂರು ಮೈಲಿ ನಡೀತೀನ್ರಿ. ಸ್ಯಾಂಪಲ್ ಅದಲಬದಲ ಆಗೇದ, ಮತ್ತ ಟೆಸ್ಟ್ ಮಾಡ್ರಿ!"

ನಮ್ಮ ನರ್ಸ್ ಅಟ್ಲಾಂಟಾದಲ್ಲೇ ಹುಟ್ಟಿದ ಕಪ್ಪು ಹೆಂಗಸು, ತಾನೂ ಬಸುರಿಯಾಗಿದ್ದಾಗ ಇದನ್ನು ಕಂಡವಳು. ಅವಳು ಸಮಾಧಾನ ಹೇಳಿದಳು: "ನಿಮ್ಮ ಕಡೆ ಹೆಂಗಸರಿಗೆ ತೂಕ ಕಮ್ಮಿ ಇದ್ದರೂ ಬರುತ್ತೆ. ನಮ್ಮವರಿಗೆ ಹೆರಿಗೆ ಆದಮೇಲೂ ಬೆನ್ನು ಬಿಡಲ್ಲ. ನನಗೆ ಬಂದಾಗ ಎಲ್ಲರೂ ನನ್ನ ದಪ್ಪ ಸೊಂಟ ನೋಡಿದರು. ನಿನಗೆ ಬಂದರೆ ಯಾರೂ ನಂಬಲ್ಲ. ನಿಂದು ತಪ್ಪಿಲ್ಲ, ನಂದೂ ಇರಲಿಲ್ಲ."

ಹುಡುಗಿ ಕಣ್ಣೊರೆಸಿಕೊಂಡಳು. "ಕೂಸಿಗೆ ಏನೂ ಆಗಬಾರದ್ರಿ. ಏನ್ ಮಾಡ್ಬೇಕು ಹೇಳ್ರಿ."

ಹೇಳಿದೆ. ದಿನದಿನದ ಊಟ, ಶುಗರ್ ಬರೆಯಲು ಪಾರ್ಕಿಂಗ್ ಲಾಟಿನಿಂದಲೇ ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದಳು. ಅದರಲ್ಲಿ ನನಗೂ ಮೂರು ಕೆಲಸ ಹಚ್ಚಿದ್ದಳು.

೨. ಬರೆಯದ ತಿಂಡಿ

ಶೀಟಿನಲ್ಲಿ ರೊಟ್ಟಿ, ಪಲ್ಯ, ಮೊಸರು, ಎಲ್ಲ ಸರಿ. ಆದರೆ ಶನಿವಾರ ಬಂತೆಂದರೆ ಶುಗರ್ ಏರುತ್ತಿತ್ತು. ಹೀಗೇ ಏರಿದರೆ ಇನ್ಸುಲಿನ್ ಅಂದರು ಡಾಕ್ಟರು. ಬಾಣಂತನಕ್ಕೆಂದು ಬಂದಿದ್ದ ಅವಳ ತಾಯಿಯನ್ನೂ ಕೂರಿಸಿಕೊಂಡು ಕೇಳಿದೆ.

"ಸಿಹಿ ಮುಟ್ಟೇ ಇಲ್ರೀ ಆಕಿ," ಅಂದರು ತಾಯಿ. "ಶನಿವಾರ ಗುಡಿಯಾಗ ಒಂದೀಟು ಪ್ರಸಾದ, ಅಷ್ಟ. ಶಿರಾ. ಆಕೀಗೆ ಒಂದು ಕಪ್, ಕೂಸಿಗೆ ಒಂದು."

"ಬರೆದೇ ಇಲ್ಲವಲ್ಲ?"

"ಪ್ರಸಾದ ಯಾರಾರ ಬರೀತಾರೇನ್ರಿ?"

"ಪ್ರಸಾದಾನೂ ಬರೀಬೇಕಮ್ಮ," ಅಂದೆ, ತುಸು ಗತ್ತಿನಿಂದಲೇ.

ಮುಂದಿನ ಶನಿವಾರದ ಸಾಲು: "ಪ್ರಸಾದ: ಒಂದು ದ್ರಾಕ್ಷಿ. ಉಳಿದದ್ದು: ಅವ್ವ."

೩. ಮೊದಲು ಬೆರಳು

ಕಮ್ಮಿಂಗ್ ಎಂಬ ಊರಿನ ಅವರ ಹೊಸ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ಬಂದ ಹನ್ನೆರಡು ಹೆಂಗಸರ ಕೈಯಲ್ಲೂ ಒಂದೊಂದು ಸಿಹಿ. ಬಸುರಿಯ ಬಾಯಿಗೆ ಹಾಕದೆ ಯಾರೂ ಹೋಗುವುದಿಲ್ಲ. ಇವಳ ಇಷ್ಟು ದಿನದ ಕಷ್ಟ ಇವತ್ತು ನೀರುಪಾಲು ಅಂದುಕೊಂಡೆ.

ಹಸಿರು ಸೀರೆ, ಹಸಿರು ಬಳೆ ತೊಟ್ಟು ಕುಳಿತಿದ್ದಳು. ಆರತಿ ತಟ್ಟೆಯಲ್ಲಿ ಕುಂಕುಮದ ಪಕ್ಕ ಶುಗರ್ ಮೀಟರ್. ಪಕ್ಕದಲ್ಲಿ ಸೀರೆಯುಟ್ಟ ನಮ್ಮ ನರ್ಸ್, ಒಬ್ಬೊಬ್ಬರಿಗೂ ಹೊಸ ಸೂಜಿ ಹಿಡಿದು.

"ಸಿಹಿ ತಿನಿಸೋರು ಮೊದಲು ಬೆರಳು ಕೊಡ್ರಿ," ಅಂದಳು ಬಸುರಿ.

ಲಡ್ಡು ಹಿಡಿದ ಕೈಗಳೆಲ್ಲ ಸೆರಗಿನೊಳಗೆ ಹೋದವು. ಆದರೂ ಒಬ್ಬೊಬ್ಬರಾಗಿ ಕೊಟ್ಟರು. ಇಬ್ಬರು ಆಂಟಿಯರಿಗೆ ತಮಗೆ ಶುಗರ್ ಇರಬಹುದು ಅಂತ ಅವತ್ತೇ ಗೊತ್ತಾಯಿತು, ಸೋಮವಾರವೇ ಡಾಕ್ಟರ ಹತ್ತಿರ ಹೋದರು. ಎಲ್ಲರಿಗಿಂತ ಕಡಿಮೆ ಬಂದದ್ದು ಬಸುರಿಗೇ. ನನ್ನ ಕಣ್ಣು ತುಂಬಿತು. ಮುಂದೆ ಇನ್ಸುಲಿನ್ ಇಲ್ಲದೆಯೇ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಅವತ್ತು ಕೊನೆಗೆ ಬಸುರಿ ನನ್ನತ್ತ ತಿರುಗಿ, "ಈಗ ಮೇಡಂ," ಅಂದಳು.

ಧೈರ್ಯವಾಗಿ ಚಾಚಿದೆ. ನನ್ನದು ಅವಳಿಗಿಂತ ಎಷ್ಟೋ ಮೇಲಿತ್ತು. ಬಂದ ಕೂಡಲೇ ಅಡುಗೆಮನೆಯಲ್ಲಿ ಮುಗಿಸಿದ್ದ ಎರಡು ಹೋಳಿಗೆ ನೆನಪಾಯಿತು.

"ಅದು... ದೇವರಿಗೆ ನೈವೇದ್ಯ ಆಗಿತ್ತು, ಪ್ರಸಾದ," ಅಂದೆ.

ಅವಳ ತಾಯಿ ಒಳಗೆ ಹೋಗಿ ಪೆನ್ನು, ಹಾಳೆ ತಂದು ನನ್ನ ಮುಂದಿಟ್ಟರು.

"ಬರೀರಿ."