ಅಲಾಸ್ಕಾ ಸಮುದ್ರದಲ್ಲಿ ಷಡ್ಡಕರ ಸಮರ

ಎಲೈ ವಾಗ್ದೇವಿಯೇ, ಶಾಲು ಹೊದ್ದು ಬಾ; ಇಲ್ಲಿ ಚಳಿ ನಾಲ್ಕು ಡಿಗ್ರಿ. ಕಲಿಯುಗದ ನಿವೃತ್ತಿಪರ್ವದಲ್ಲಿ, ಹಿಮಗಿರಿಪರಿವೃತವೂ ಶೀತಮಾರುತಪೀಡಿತವೂ ಆದ ಅಲಾಸ್ಕಾ ಸಮುದ್ರದ ಮೇಲೆ, ವಿಹಾರನೌಕೆಯೊಂದರ ಹನ್ನೊಂದನೆಯ ಅಂತಸ್ತಿನಲ್ಲಿ, ಮಂಕಿಕ್ಯಾಪ್‌ಕಿರೀಟಧಾರಿಯೂ ದ್ವಿಸ್ವೆಟರ್‌ಕವಚಭೂಷಿತನೂ ಆದ ದಾವಣಗೆರೆಯ ಕೊಟ್ರಬಸಪ್ಪನೆಂಬ ಮಹಾವೀರನು ಹೂಡಿದ ಯುದ್ಧವನ್ನು ನನ್ನಿಂದ ಹೇಳಿಸು.

ಕೊಟ್ರಬಸಪ್ಪನು ಸೇತುವೆ ಕಟ್ಟಿಸಿ ನಿವೃತ್ತನಾದ ಎಂಜಿನಿಯರು. ಪ್ರತಿಪಕ್ಷದಲ್ಲಿ ಅವನ ಹೆಂಡತಿಯ ತಂಗಿಯ ಗಂಡ, ಚಿತ್ರದುರ್ಗದ ಭೌತಶಾಸ್ತ್ರದ ಮೇಷ್ಟರು ಚಂದ್ರಮೌಳಿ. ಒಬ್ಬನು ಫ್ರಿಜ್ ಕೊಂಡರೆ ಇನ್ನೊಬ್ಬನು ಎರಡು ಬಾಗಿಲಿನ ಫ್ರಿಜ್ ಕೊಳ್ಳುತ್ತ, ಮೂವತ್ತೊಂದು ವರ್ಷಗಳಿಂದ ಲೋಕಕಲ್ಯಾಣದಲ್ಲಿ ನಿರತರಾದ ಷಡ್ಡಕರು ಇವರು. ಈ ಸಲದ ಪಣ ಘೋರವಾದದ್ದು. ತಿಮಿಂಗಿಲವನ್ನು ಮೊದಲು ಕಂಡವನಿಗೆ, ಬರುವ ತಿಂಗಳ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಇಡೀ ಬಳಗದೆದುರು ಪ್ರವಾಸದ ಕಥೆ ಹೇಳುವ ಹಕ್ಕು. ಸೋತವನು ಪಕ್ಕದಲ್ಲಿ ಕೂತು ಹೂಂಗುಟ್ಟಬೇಕು.

ಐದು ದಿನ ಇಬ್ಬರೂ ಹಡಗಿನಂಚಿನ ಕಟಕಟೆಯ ಮೂಲೆಯೊಂದಕ್ಕಾಗಿ ಹೋರಾಡಿದರು. ಒಬ್ಬನು ಹಾಸಿದ ಟವೆಲನ್ನು ಇನ್ನೊಬ್ಬನು ಮಡಿಸಿಟ್ಟನು. ಮೂರನೆಯ ದಿನ ಈ ಟವೆಲುಯುದ್ಧವು ಪರಾಕಾಷ್ಠೆ ಮುಟ್ಟಿದ್ದಾಗ, ಅವರ ಬೆನ್ನ ಹಿಂದೆ ಎರಡು ತಿಮಿಂಗಿಲಗಳು ನೀರು ಚಿಮ್ಮಿಸಿ ಹೋದವು. ಊಟದ ಕೋಣೆಯ ಕಿಟಕಿಯಲ್ಲಿ ಟೀ ಕುಡಿಯುತ್ತಿದ್ದ ಅವರ ಹೆಂಡತಿಯರಾದ ಅಕ್ಕತಂಗಿಯರು, ಸರ್ವಮಂಗಳ ಮತ್ತು ಗಿರಿಜಾಂಬ, ಅವನ್ನು ಕಣ್ತುಂಬ ನೋಡಿದರು.

“ಹೇಳೋಣೇನಕ್ಕ?” ಎಂದಳು ಗಿರಿಜಾಂಬ.

“ಬ್ಯಾಡ ಬಿಡು. ಇಬ್ರೂ ಊಟ ಬಿಡ್ತಾರೆ.”

ಕೊನೆಯ ದಿನದ ಬೆಳಗು ಬಂದಿತು. ಬೈನಾಕ್ಯುಲರೆಂಬ ದಿವ್ಯಾಸ್ತ್ರವನ್ನೆತ್ತಿ, ದಶದಿಕ್ಕುಗಳು ಬೆಚ್ಚುವಂತೆ ಕೊಟ್ರಬಸಪ್ಪನು ನುಡಿದನು: “ನಲವತ್ತು ಸೇತುವೆ ಕಟ್ಸಿದ ಕಣ್ಣು ಇವು, ಮೌಳಿ. ನೀರೊಳಗೆ ಏನೈತೆ ಅಂತ ದಡದಾಗ ನಿಂತೇ ಹೇಳ್ತೀನಿ.”

“ಆ ಸೇತುವೆಗಳಾಗೆ ಈಗ ಎಷ್ಟು ನಿಂತಾವೆ, ಅಣ್ಣಾರೆ?” ಎಂದು ಚಂದ್ರಮೌಳಿಯು ವಾಗ್ಬಾಣವನ್ನು ಬಿಟ್ಟನು.

ಅಷ್ಟರಲ್ಲಿ ದೂರದ ನೀರಿನಲ್ಲಿ ಕಪ್ಪಾದ, ಉದ್ದನೆಯ ಬೆನ್ನೊಂದು ಎದ್ದಿತು. ಎರಡು ಬೆರಳುಗಳು ಒಟ್ಟಿಗೇ ಚಾಚಿಕೊಂಡವು. “ತಿಮಿಂಗಿಲ” ಎಂಬ ಎರಡು ಸಿಂಹನಾದಗಳು ಒಂದಾಗಿ ಹೊಮ್ಮಿದವು. ಮೊದಲು ಕಂಡವನು ತಾನೆಂದು ಇಬ್ಬರೂ ಮೊಣಕೈಗಳಿಂದ ಸಾಧಿಸತೊಡಗಿದರು. ನೂರಾರು ಜನ ಕ್ಯಾಮೆರಾ ಹಿಡಿದು ಓಡಿಬಂದರು. ಹಡಗಿನಲ್ಲಿ ಪ್ರಾಣಿಗಳನ್ನು ತೋರಿಸುವ ಕೆಲಸದ ಹುಡುಗಿ ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿ, ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಅದು ಮರದ ದಿಮ್ಮಿಯೆಂದಳು.

ಜನ ನಕ್ಕು ಚದುರಿದರು. ಕೊಟ್ರಬಸಪ್ಪನ ಕಿವಿಗಳು ಮಂಕಿಕ್ಯಾಪಿನೊಳಗೇ ಕೆಂಪಾದವು. ಗೃಹಪ್ರವೇಶದ ಚಪ್ಪರ, ಅಲ್ಲಿ ಕೂತ ಬಳಗ, ಆ ಬಳಗದ ನಗು ಅವನ ಕಣ್ಣಿಗೆ ಕಟ್ಟಿದವು. ಪಕ್ಕದಲ್ಲಿ ಚಂದ್ರಮೌಳಿಗೂ ಅದೇ ಚಪ್ಪರ ಕಾಣುತ್ತಿತ್ತು.

“ಅಣ್ಣಾರೆ, ತಿಮಿಂಗಿಲನೂ ನಿದ್ದೆ ಮಾಡ್ತೈತೆ” ಎಂದನು ಅವನು, ಮೆಲ್ಲಗೆ.

ಮೂವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಕೊಟ್ರಬಸಪ್ಪನು ಷಡ್ಡಕನನ್ನು ಪ್ರೀತಿಯಿಂದ ನೋಡಿದನು. “ಹೌದೌದು. ಮಲಗಿದಾಗ ಹಿಂಗೇ ತೇಲ್ತಾವೆ.”

ಒಂದು ಕಡಲಹಕ್ಕಿ ಬಂದು ದಿಮ್ಮಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿ ಕುಳಿತಿತು.

“ರೀ, ಅದಕ್ಕೆ ಕೊಂಬೆ ಐತೆ” ಎಂದಳು ಅಷ್ಟರಲ್ಲಿ ತಂಗಿಯೊಡನೆ ಅಲ್ಲಿಗೆ ಬಂದಿದ್ದ ಸರ್ವಮಂಗಳ.

“ಅದು ಈಜುರೆಕ್ಕೆ” ಎಂದರು ಇಬ್ಬರೂ.

ಹೀಗೆ ಸತ್ಯವನ್ನು ಜಂಟಿಯಾಗಿ ಸಂಹರಿಸಿದ ವೀರರು, ಕಥೆಯನ್ನು ಅರ್ಧರ್ಧ ಹೇಳುವುದೆಂದು ಕೈಕುಲುಕಿದರು. ತಿಂಡಿಯ ಹೊತ್ತು ಮುಗಿಯುತ್ತಿದೆಯೆಂದು ಗಿರಿಜಾಂಬ ಕೂಗಿದಳು. ಶಾಶ್ವತಮೈತ್ರಿಬದ್ಧರಾದ ಷಡ್ಡಕರು ಹೆಗಲಿಗೆ ಹೆಗಲು ಕೊಟ್ಟು ಲಿಫ್ಟಿನವರೆಗೆ ನಡೆದರು. ಅಲ್ಲಿ, ಗುಂಡಿ ಒತ್ತುವವರು ಯಾರೆಂಬ ವಿಷಯದಲ್ಲಿ, ಸ್ವಲ್ಪ ಮಾತು ಬೆಳೆಯಿತು.