ಬೆಂಚಿನಿಂದ ಎಲ್ಲರೂ ಒಟ್ಟಿಗೆ ಏಳುವುದನ್ನು ನಿರ್ಬಂಧಿಸುವ ಬಗ್ಗೆ

ಮರುಆರಂಭ ಮತ್ತು ಸುರಕ್ಷತಾ ಇಲಾಖೆ
(ರಸ್ತೆಬದಿ ಆಸನಗಳ ಶಾಖೆ)

ಸಂಖ್ಯೆ: ಮಸುಇ/ಆಸನ/ಏಳು-ಬೀಳು/೩

ಸುತ್ತೋಲೆ

ವಿಷಯ: ಸಾಂಕ್ರಾಮಿಕದ ನಂತರ ತೆರೆದು ಅದೇ ದಿನ ಮುಚ್ಚಿದ ಕ್ಷೌರದ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರುವುದು, ಕೂತಲ್ಲಿಂದ ಏಳುವುದು ಮತ್ತು ಎದ್ದವರಿಂದಾಗಿ ಕೂತವರು ಬೀಳುವುದರ ಬಗ್ಗೆ.

ಉಲ್ಲೇಖ:
೧. ಅಂಗಡಿಗಳನ್ನು ಸುರಕ್ಷಿತವಾಗಿ ತೆರೆಯುವ ಕುರಿತು ಇದೇ ಇಲಾಖೆಯ ಹಿಂದಿನ ಸುತ್ತೋಲೆ.
೨. ಸದರಿ ಸುತ್ತೋಲೆಯಲ್ಲಿ ‘ಗಿರಾಕಿಗಳನ್ನು ಒರೆಸಿ ಕುರ್ಚಿಗಳನ್ನು ಸ್ವಾಗತಿಸತಕ್ಕದ್ದು’ ಎಂದಿರುವುದನ್ನು ತಿರುಗಿಸಿ ಓದಿಕೊಳ್ಳಲು ಕೋರಿದ ತಿದ್ದೋಲೆ.
೩. ಸ್ಥಳ ಪರಿಶೀಲಕರ ವರದಿ, ಬೆಂಚಿನ ನಕ್ಷೆ ಸಹಿತ.
೪. ಕ್ಷೌರಿಕರು ತಮ್ಮ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವ ಬರಹ.

ಪ್ರಸ್ತಾವನೆ:

ಬೆಂಚು ಎಂಬುದು ಇಲಾಖೆಯ ಕಣ್ಣಿಗೆ ಬೀಳದಷ್ಟು ಚಿಕ್ಕ ವಸ್ತುವಲ್ಲ ಎಂಬುದನ್ನು ಎಲ್ಲರ ಗಮನಕ್ಕೆ ಮೊದಲೇ ತರಲಾಗಿದೆ. ಸದರಿ ಬೆಂಚು ಕ್ಷೌರದ ಅಂಗಡಿಯ ಮುಂದೆ ಬಹಳ ವರ್ಷಗಳಿಂದ ಇದ್ದು, ಅದರ ಮೇಲೆ ಬೀಗ ರಿಪೇರಿಯವರು, ನಿವೃತ್ತ ಅಂಚೆಯಣ್ಣ, ಟೈಲರ್ ಹಾಗೂ ಡ್ರಾಯಿಂಗ್ ಮೇಷ್ಟ್ರು ಎಂಬ ನಾಲ್ವರು ಪ್ರತಿದಿನ ಕೂರುತ್ತಿದ್ದುದು ಕಂಡುಬಂದಿದೆ. ಇವರ ಪೈಕಿ ಮೂವರಿಗೆ ಕತ್ತರಿಸುವಷ್ಟು ಕೂದಲು ಇಲ್ಲದಿರುವುದರಿಂದ, ಇವರು ಅಲ್ಲಿಗೆ ಬರುತ್ತಿದ್ದುದು ಕ್ಷೌರಕ್ಕಲ್ಲ, ಹರಟೆಗೆ ಎಂದು ತೀರ್ಮಾನಿಸಲಾಗಿದೆ.

ಬೆಂಚನ್ನು ಮಾಡಿದ ಬಡಗಿಯು ಅದರ ಕಾಲುಗಳನ್ನು ಎರಡೂ ತುದಿಗಳಿಂದ ಸಾಕಷ್ಟು ಒಳಕ್ಕೆ ಜೋಡಿಸಿರುತ್ತಾರೆ. ಆದ್ದರಿಂದ ತುದಿಯಲ್ಲಿ ಕೂತವರ ಕ್ಷೇಮವು, ಉಳಿದವರು ಕೂತೇ ಇರುವುದನ್ನು ಅವಲಂಬಿಸಿರುತ್ತದೆ.

ಸಾಂಕ್ರಾಮಿಕದ ಕಾಲದಲ್ಲಿ ಈ ನಾಲ್ವರಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ಮಾತ್ರ ಕಾಯಿಲೆ ತಗುಲಿ, ಆಸ್ಪತ್ರೆ ಸೇರಿ, ಸಂಪೂರ್ಣ ವಾಸಿಯಾಗಿ ಮನೆಗೆ ಬಂದರು. ಅಂಗಡಿ ಮತ್ತೆ ತೆರೆದ ದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಎಂದಿನಂತೆ ಬೆಂಚಿನ ಎಡತುದಿಯಲ್ಲಿ ಕೂತರು. ಕೂತ ಕೂಡಲೇ ಉಳಿದ ಮೂವರು ಬೇರೆಬೇರೆ ಕಾರಣಗಳಿಗಾಗಿ ಒಂದೇ ಸಲಕ್ಕೆ ಎದ್ದ ಪ್ರಯುಕ್ತ, ಬೆಂಚಿನ ಬಲತುದಿ ಮೇಲಕ್ಕೂ ಮೇಷ್ಟ್ರು ಕೆಳಕ್ಕೂ ಹೋದರು.

ವಿಚಾರಣೆಯಲ್ಲಿ ದಾಖಲಾದ ಹೇಳಿಕೆಗಳು ಹೀಗಿವೆ. ಬೀಗ ರಿಪೇರಿಯವರು: “ಒಲೆ ಮೇಲೆ ಹಾಲಿಟ್ಟು ಬಂದಿದ್ದೆ, ತಟ್ಟಂತ ನೆನಪಾಯ್ತು.” ಪರಿಶೀಲಿಸಲಾಗಿ, ಅವರ ಮನೆಯಲ್ಲಿ ಆ ದಿನ ಹಾಲನ್ನೇ ಕೊಂಡಿರಲಿಲ್ಲ. ಅಂಚೆಯಣ್ಣ: “ಫೋನ್ ಬಂತು, ಎದ್ದೆ.” ಫೋನು ಅವರ ಮನೆಯ ಕಿಟಕಿಯಲ್ಲಿ ಚಾರ್ಜಿಗೆ ಇತ್ತು. ಟೈಲರ್: “ಅವರಿಬ್ರೂ ಎದ್ರಲ್ಲ, ನಾನೊಬ್ನೇ ಕೂತಿದ್ರೆ ಏನ್ ಚೆನ್ನಾಗಿರುತ್ತೆ ಅಂತ ನಾನೂ ಎದ್ದೆ. ತಪ್ಪಾಯ್ತು ಬಿಡಿ.” ನಿಜ ನುಡಿದ ಕಾರಣಕ್ಕೆ ಇವರ ಹೇಳಿಕೆಯನ್ನು ಪ್ರತ್ಯೇಕವಾಗಿ ಇರಿಸಲಾಗಿದೆ.

ನೆಲದಲ್ಲಿ ಕೂತಿದ್ದ ಮೇಷ್ಟ್ರು “ಬೆಂಚಿಗೆ ವಯಸ್ಸಾಯ್ತು” ಎಂದಷ್ಟೇ ಹೇಳಿ, ಅಂಗಿ ಕೊಡವಿಕೊಂಡು ಮನೆಗೆ ಹೋದವರು ಮತ್ತೆ ಬಂದಿಲ್ಲ. ಅವರ ಮನೆಯವರು ನೀಡಿರುವ ಹೇಳಿಕೆ: “ಸೊಂಟದ ನೋವಿಗೆ ಎಣ್ಣೆ ಹಚ್ಚಿದೀನಿ, ಅದು ಹೋಗುತ್ತೆ. ಆದ್ರೆ ಈಗ ಮೊಮ್ಮಗಳು ಹತ್ರ ಹೋದ್ರೂ ‘ಅಲ್ಲೇ ಇರು ಪುಟ್ಟಿ’ ಅಂತಾರೆ. ಅದಕ್ಕೆ ಏನ್ ಹಚ್ಚೋದು ಹೇಳಿ.” ಈ ಹೇಳಿಕೆಯನ್ನು ಕಡತದ ಮೇಲ್ಭಾಗದಲ್ಲಿ ಇರಿಸಲಾಗಿದೆ. ಓದಿದ ಸಿಬ್ಬಂದಿಗೆ ಬೇಸರವಾಗಿದೆ.

ಅದೇ ಸಂಜೆ ಕ್ಷೌರಿಕರು ಬಾಗಿಲು ಹಾಕಿ, ಅದರ ಮೇಲೆ “ಮೇಷ್ಟ್ರು ಬಂದು ಕೂರೋ ತನಕ ಕತ್ತರಿ ಮುಟ್ಟಲ್ಲ” ಎಂದು ಬರೆದಿರುತ್ತಾರೆ. ಪರಿಣಾಮವಾಗಿ ಇಡೀ ಬೀದಿಯ ಕೂದಲು ಬೆಳೆಯುತ್ತಿದೆ. ಆದ್ದರಿಂದ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

೧. ಬೆಂಚಿನಿಂದ ಒಬ್ಬೊಬ್ಬರಾಗಿ ಏಳತಕ್ಕದ್ದು. ಏಳುವವರು “ಏಳ್ತಾ ಇದೀನಿ” ಎಂದು ಕೇಳಿಸುವಂತೆ ಹೇಳಿ, ತುದಿಯಲ್ಲಿರುವವರು ನಡುವಿಗೆ ಸರಿದ ನಂತರವೇ ಸೊಂಟ ಎತ್ತತಕ್ಕದ್ದು.

೨. ಒಲೆಯ ಮೇಲೆ ಹಾಲಿದೆ ಎಂಬ ನೆಪವನ್ನು ಮನೆಯಲ್ಲಿ ಹಾಲು ಮತ್ತು ಒಲೆ ಎರಡೂ ಇರುವವರು ಮಾತ್ರ ಬಳಸತಕ್ಕದ್ದು. ಫೋನ್ ಬಂತು ಎನ್ನುವವರು ಮೊದಲು ಜೇಬು ಮುಟ್ಟಿ ನೋಡಿಕೊಳ್ಳತಕ್ಕದ್ದು. ‘ಇಲ್ಲೇ ಹೋಗಿ ಬಂದೆ’ ಎಂದು ಎದ್ದವರು ಹೋದಲ್ಲಿಂದ ಬರತಕ್ಕದ್ದು.

೩. ಅಂತರದ ಬಗ್ಗೆ: ಹಿಂದಿನ ಸುತ್ತೋಲೆಯಂತೆ ಇಬ್ಬರ ನಡುವೆ ಆರು ಅಡಿ ಅಂತರವಿರಬೇಕಿತ್ತು. ಬೆಂಚಿನ ಉದ್ದವೂ ಆರು ಅಡಿ. ಸ್ಥಳ ಪರಿಶೀಲಕರು ಲೆಕ್ಕ ಹಾಕಿ, ಇಬ್ಬರೂ ಬೆಂಚಿನ ಮೇಲೆ ಇರದಿದ್ದಲ್ಲಿ ಬೆಂಚಿನ ಮೇಲೆ ಇಬ್ಬರು ಕೂರಬಹುದೆಂದು ವರದಿ ಸಲ್ಲಿಸಿದ್ದರು. ಈ ವರದಿಯನ್ನು ಮೆಚ್ಚಿಕೊಂಡು ಅಂತರದ ನಿಯಮವನ್ನೇ ಹಿಂಪಡೆಯಲಾಗಿದೆ. ನಿಯಮ ಹೋಗಿರುವುದು ರಸ್ತೆಯಲ್ಲಿ ಬಳಿದಿದ್ದ ಸುಣ್ಣದ ವೃತ್ತಗಳಿಗೆ ತಿಳಿದು ಅವು ಮಾಸಿಹೋಗಿವೆ. ಸಾರ್ವಜನಿಕರಿಗೆ ಇನ್ನೂ ತಿಳಿದಂತಿಲ್ಲ.

೪. ‘ವಾಸಿಯಾಗಿದೆ’ ಎಂದರೆ ವಾಸಿಯಾಗಿದೆ ಎಂದೇ ಅರ್ಥ. ಹೆಚ್ಚಿನ ಸ್ಪಷ್ಟೀಕರಣ ಬೇಕಾದವರು ಇದೇ ವಾಕ್ಯವನ್ನು ಮತ್ತೊಮ್ಮೆ ಓದಿಕೊಳ್ಳತಕ್ಕದ್ದು.

೫. ಮೇಷ್ಟ್ರಿಂದ ಯಾರಿಗೂ ಏನೂ ಹರಡುವುದಿಲ್ಲವೆಂದು ವೈದ್ಯರು ಖಚಿತಪಡಿಸಿರುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿದ್ದು ಅವರು ಹರಡಲು ಯತ್ನಿಸಿದ್ದು ಚಿತ್ರಕಲೆಯನ್ನು ಮಾತ್ರ. ಅದೂ ಯಾರಿಗೂ ಅಂಟಿಲ್ಲವೆಂಬುದಕ್ಕೆ, ಅವರ ಶಿಷ್ಯರೇ ಆದ ಸ್ಥಳ ಪರಿಶೀಲಕರು ಬರೆದ ಬೆಂಚಿನ ನಕ್ಷೆಯೇ ಸಾಕ್ಷಿ. ಸದರಿ ನಕ್ಷೆಯಲ್ಲಿ ಬೆಂಚು ಹಸುವಿನಂತೆ ಕಾಣುತ್ತಿದ್ದು, ಕಡತದಲ್ಲಿ ಹಾಗೆಯೇ ನಮೂದಾಗಿದೆ.

೬. ಮಾಸ್ಕ್ ಧರಿಸುವವರು ಮೂಗನ್ನು ಮಾಸ್ಕಿನ ಒಳಗೂ, ಬೇರೆಯವರ ವಿಷಯದಿಂದ ಹೊರಗೂ ಇಟ್ಟುಕೊಳ್ಳತಕ್ಕದ್ದು. ಕಿವಿಯ ಹಿಂದೆ ಕತ್ತರಿ ಆಡಿಸುವಾಗ ಸಿಗುವ ಮಾಸ್ಕಿನ ದಾರವು ಕೂದಲಲ್ಲ ಎಂಬುದನ್ನು ಕ್ಷೌರಿಕರು ಗಮನಿಸತಕ್ಕದ್ದು.

೭. ತಾತ್ಕಾಲಿಕ ಕ್ರಮವಾಗಿ ಬೆಂಚಿನ ಮೇಲೆ ಆ ಮೂವರು ಕೂರುತ್ತಿದ್ದ ಜಾಗಗಳಲ್ಲಿ ಅವರವರ ತೂಕಕ್ಕೆ ಸಮನಾದ ಮರಳಿನ ಚೀಲಗಳನ್ನು ಇರಿಸಲಾಗಿತ್ತು. ಚೀಲಗಳು ಯಾವ ನೆಪವನ್ನೂ ಹೇಳದೆ ದಿನವಿಡೀ ಕೂತಿದ್ದವು. ಅವುಗಳ ನಡತೆಯ ಬಗ್ಗೆ ಇಲಾಖೆಗೆ ತೃಪ್ತಿ ಇದೆ. ಆದರೆ ಕ್ಷೌರಿಕರು “ಮೇಷ್ಟ್ರು ಮರಳಿನ ಜೊತೆ ಏನ್ ಮಾತಾಡ್ತಾರೆ ಸ್ವಾಮಿ” ಎಂದು ಆಕ್ಷೇಪಣೆ ಸಲ್ಲಿಸಿದ್ದರಿಂದ ಚೀಲಗಳನ್ನು ಹಿಂಪಡೆಯಲಾಗಿದೆ.

೮. ಕಾಲುಗಳನ್ನು ಬದಲಾಯಿಸಿ ಬೆಂಚನ್ನು ಸರಿಪಡಿಸುವ ಬಡಗಿಯ ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ. ದೋಷ ಇರುವುದು ಕಾಲುಗಳಲ್ಲಿ ಅಲ್ಲ. ಕಾಲು ಕಿತ್ತವರಲ್ಲಿ.

೯. ಕಚೇರಿಯ ಸಿಬ್ಬಂದಿಯ ಕೂದಲು ಕಣ್ಣಿಗೆ ಇಳಿದು ಕಡತಗಳು ಕಾಣದಂತಾಗಿವೆ. ಅಂದಿಗೂ ಇಂದಿಗೂ ಕೆಲಸದಲ್ಲಿ ವ್ಯತ್ಯಾಸ ಕಂಡುಬಂದಿಲ್ಲವಾದರೂ ನೋಡಲು ಚೆನ್ನಾಗಿಲ್ಲ. ಕೆಳಗೆ ಸಹಿ ಮಾಡಿರುವ ಅಧಿಕಾರಿಯ ಕೂದಲನ್ನು ಅವರ ಪತ್ನಿಯು ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿರುವ ಕಾರಣ, ಸದರಿ ಅಧಿಕಾರಿಯು ಟೋಪಿ ಧರಿಸುತ್ತಿದ್ದಾರೆ. ಟೋಪಿಯನ್ನು ತೆಗೆಯಲು ಯಾರೂ ಕೋರತಕ್ಕದ್ದಲ್ಲ.

೧೦. ಈ ವಿಷಯದಲ್ಲಿ ಇಲಾಖೆ ಕೈ ತೊಳೆದುಕೊಂಡಿದೆ ಎಂದು ಕೆಲವರು ಆಡಿಕೊಳ್ಳುತ್ತಿರುವುದು ತಿಳಿದುಬಂದಿದೆ. ಕೈ ತೊಳೆದುಕೊಂಡಿರುವುದು ನಿಜ, ಸೋಪಿನಿಂದ ಮಾತ್ರ. ಆದ್ದರಿಂದ, ಮೇಲಿನ ಕಂಡಿಕೆಗಳನ್ನು ಯಾರೂ ಪಾಲಿಸದ ಪಕ್ಷದಲ್ಲಿ, ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಸೋಮವಾರ ಬೆಳಗ್ಗೆ ಖುದ್ದಾಗಿ ಮೇಷ್ಟ್ರನ್ನು ಮನೆಯಿಂದ ಕರೆತಂದು, ಎಡತುದಿಯಲ್ಲಿ ಅವರ ಪಕ್ಕದಲ್ಲಿ ಕೂರಲಿದ್ದಾರೆ. ಇಬ್ಬರೂ ಒಂದೇ ತುದಿಯಲ್ಲಿ ಕೂತರೆ ಬೆಂಚು ಮಗುಚಿ ಇಬ್ಬರೂ ಬೀಳುವರೆಂದು ಸ್ಥಳ ಪರಿಶೀಲಕರು ಟಿಪ್ಪಣಿ ಮಂಡಿಸಿದ್ದಾರೆ. ಟಿಪ್ಪಣಿಯನ್ನು ಗಮನಿಸಲಾಗಿದೆ. ಪಕ್ಕದಲ್ಲೇ ಕೂರಲಾಗುವುದು. ಹಾಗೆ ಬೀಳಬಾರದೆಂದು ಇಚ್ಛಿಸುವವರು ಬಲತುದಿಯಲ್ಲಿ ಬಂದು ಕೂರಬಹುದು.

ಮೇಲಿನಂತೆ ಎಲ್ಲ ಸಂಬಂಧಪಟ್ಟವರೂ, ಸಂಬಂಧ ಕಡಿದುಕೊಂಡವರೂ ನಡೆದುಕೊಳ್ಳತಕ್ಕದ್ದು.

ಸಹಿ/-
(ಟೋಪಿ ಸಹಿತ)
ಶಾಖಾಧಿಕಾರಿ
ರಸ್ತೆಬದಿ ಆಸನಗಳ ಶಾಖೆ

ಪ್ರತಿಗಳು:
೧. ಬೀಗ ರಿಪೇರಿಯವರಿಗೆ. ಅರ್ಧ ಲೀಟರ್ ಹಾಲಿನೊಂದಿಗೆ.
೨. ನಿವೃತ್ತ ಅಂಚೆಯಣ್ಣನವರಿಗೆ. ಫೋನ್ ಮಾಡಿ ತಿಳಿಸತಕ್ಕದ್ದಲ್ಲ.
೩. ಟೈಲರ್ ಅವರಿಗೆ. ಉಳಿದಿಬ್ಬರು ಓದಿದರೂ ಓದದಿದ್ದರೂ ತಾವು ಓದುವುದು.
೪. ಕ್ಷೌರಿಕರಿಗೆ. ಸೋಮವಾರ ಕತ್ತರಿಗೆ ಸಾಣೆ ಹಿಡಿಸಿ ಸಿದ್ಧವಾಗಿರಲು.
೫. ಅಧಿಕಾರಿಯ ಪತ್ನಿಯವರಿಗೆ, ಮಾಹಿತಿಗಾಗಿ ಮಾತ್ರ. ಇದು ದೂರಲ್ಲ.
೬. ಡ್ರಾಯಿಂಗ್ ಮೇಷ್ಟ್ರಿಗೆ. ಈ ಪ್ರತಿಯನ್ನು ಬಾಗಿಲ ಸಂದಿಯಲ್ಲಿ ತೂರಿಸದೆ, ಹತ್ತಿರ ಹೋಗಿ ಕೈಗೆ ಕೊಡತಕ್ಕದ್ದು. “ಅಲ್ಲೇ ಇರಿ” ಎಂದರೆ ಕೇಳಿಸದಂತೆ ಇರತಕ್ಕದ್ದು. ಕುರ್ಚಿ ತೋರಿಸಿದರೆ ಕೂರತಕ್ಕದ್ದು. ಬೇಗ ಏಳತಕ್ಕದ್ದಲ್ಲ.